ನಿಧಾನದ ಬಸ್ಸಿನ ಹಿಂದಿನ ಬೆಂಚು

ನಮ್ಮ ಬಸ್ಸು ಸುತ್ತು ಮುಗಿಸಿ ಎಲ್ವಿರಾ ಕಾರ್ಲೋವ್ನಾ ಅವರ ಕೆಫೆಯ ಮುಂದೆ ಬಂದು ನಿಂತಾಗ ಅಲ್ಲಿ ಆಂಬುಲೆನ್ಸ್ ನಿಂತಿತ್ತು. ಬಸ್ಸಿನೊಳಗೆ ಸಾಗಿಂತಾಯ್ ತಾತನ ಅಕಾರ್ಡಿಯನ್ ಅರ್ಧ ಹಾಡಿಗೇ ಉಸಿರು ಬಿಟ್ಟಿತು. ಸ್ಟ್ರೆಚರಿನ ಮೇಲೆ ಬೆಳ್ಳಗಿನ ತಲೆ ಕಂಡದ್ದೇ ತಡ, ಬಸ್ಸಿನ ಹಿಂಬದಿಯಿಂದ, ಅವರ ಬಳಿ ಕೆಲಸ ಕಲಿತಿದ್ದ ಮರ್ಜಾನ್ ಬರಿಗಾಲಲ್ಲಿ ಹಾರಿ ಓಡಿದಳು. "ಎಲ್ಯಾ ಚಿಕ್ಕಮ್ಮಾ!" ಎಂದು ಎಲ್ವಿರಾ ಅವರ ಮುದ್ದಿನ ಹೆಸರು ಹಿಡಿದು ಅವಳು ಕೂಗಿದ ಕೂಗಿಗೆ ಬೀದಿಯ ಓಕ್ ಮರಗಳಲ್ಲಿದ್ದ ಕಾಗೆಗಳೆಲ್ಲ ಎದ್ದವು.

ಅಲ್ಮಾಟಿಯ ಹಳೆಯ ಬಡಾವಣೆಯಲ್ಲಿ ಕೆಫೆಯಿಂದ ಕೆಫೆಗೆ ಜನರನ್ನು ಕರೆದೊಯ್ಯುವ ಆ ಪುಟ್ಟ ಬಸ್ಸಿನಲ್ಲಿ ಮೈಕು ಹಿಡಿದು ಮಾತಾಡುವುದು ನನ್ನ ಕೆಲಸ. ಎಷ್ಟು ನಿಧಾನದ ಬಸ್ಸೆಂದರೆ, ಸೈಕಲ್ಲಿನ ಮಕ್ಕಳು ನಮ್ಮನ್ನು ಹಿಂದೆ ಹಾಕಿ ನಾಲಿಗೆ ಚಾಚುತ್ತಾರೆ. ಹಿಂಬದಿಯಲ್ಲಿ ಬಾಗಿಲಿಲ್ಲದ ಕಟ್ಟೆ, ಅಲ್ಲೊಂದು ಬೆಂಚು; ಗಾಳಿ ಬೇಕಾದವರು, ಸಿಗರೇಟು ಸೇದುವವರು ಅಲ್ಲಿ ಕೂರುತ್ತಾರೆ. ಆ ಜೂನ್ ದಿನ ಪ್ರವಾಸಿಗರಿರಲಿಲ್ಲ. ವರ್ಷಕ್ಕೊಮ್ಮೆ ಬಡಾವಣೆಯ ಕೆಫೆಯವರೇ ಒಬ್ಬರಂಗಡಿಯ ತಿಂಡಿ ಇನ್ನೊಬ್ಬರು ಸವಿಯಲು ಹೊರಡುವ ಸುತ್ತು ಅದು. ಎಲ್ವಿರಾ ಮಾತ್ರ ಬಂದಿರಲಿಲ್ಲ. ಕಣ್ಣಿನ ಪೊರೆ ತೋರಿಸಲು ಆಸ್ಪತ್ರೆಗೆ ಹೋಗುತ್ತೇನೆಂದು ಎಲ್ಲರಿಗೂ ಹೇಳಿದ್ದರು.

ಮುಂದಿನ ಸೀಟಿನಲ್ಲಿ, ಹೆಣಿಗೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಕುಲ್ಯಾಶ್ ಆಪಾ ಕೂತಿದ್ದರು; ಆಪಾ ಎಂದರೆ ನಮ್ಮಲ್ಲಿ ಅಕ್ಕ. ನಮ್ಮ ಮಹಡಿಯ ಕೆಳಗಿನ ಮನೆಯವರು. ನಗರದ ತನಿಖಾ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಬಡಾವಣೆಯಲ್ಲಿ ಬೆಕ್ಕು ಕಳೆದರೂ ಗಂಡ ಕಳೆದರೂ ಜನ ಅವರ ಬಾಗಿಲನ್ನೇ ತಟ್ಟುತ್ತಿದ್ದರು. ನಾನು ಅವರ ಹಿಂದೆ ಛತ್ರಿ ಹಿಡಿದು ನಡೆಯುತ್ತಿದ್ದೆ.

ಕೆಫೆಯೊಳಗೆ ಪೊಲೀಸ್ ಕ್ಯಾಪ್ಟನ್ ದಾಸ್ತಾನ್ ಬಂದಾಗಿತ್ತು. ಅವನು ಆಪಾ ಕೈಕೆಳಗೆ ಪಳಗಿದವನು.

"ಆಪಾ, ನೀವೂ ಬಸ್ಸಲ್ಲಿದ್ರಾ? ಬನ್ನಿ, ನೋಡಿ. ಮೇಲ್ನೋಟಕ್ಕೆ ಅಜ್ಜಿ ಕಾಲು ಜಾರಿ ಬಿದ್ದಿದಾರೆ. ಆದ್ರೆ ಅಷ್ಟೇ ಅಲ್ಲ."

ಅಡುಗೆಮನೆಯ ನೆಲದಲ್ಲಿ, ಒಲೆಯ ಹಾದಿಯಲ್ಲಿ, ನೆಲಮಾಳಿಗೆಯ ಹಲಗೆ ಬಾಗಿಲು ಬಾಯಿ ತೆರೆದು ಬಿದ್ದಿತ್ತು. ಕೆಳಗೆ ಕತ್ತಲು. ದಾಸ್ತಾನ್ ಗೋಡೆಯ ಗುಂಡಿ ಒತ್ತಿದಾಗ ದೀಪ ಹತ್ತಿತು. ಕಲ್ಲಿನ ಮೆಟ್ಟಿಲ ಬುಡದಲ್ಲಿ ರಕ್ತದ ಕಲೆ. ಅದರ ಪಕ್ಕ ಮಡಿಸಿಟ್ಟ ಏಪ್ರನ್ನು, ಅದರಲ್ಲಿ ತಲೆಯೂರಿದ ತಗ್ಗು ಇನ್ನೂ ಹಾಗೇ ಇತ್ತು.

"ತಲೆ ಕೆಳಗೆ ಏಪ್ರನ್ ಇಟ್ಟಿದ್ರು. ಮೈಮೇಲೆ ಉಣ್ಣೆ ಶಾಲು ಹೊದಿಸಿದ್ರು," ದಾಸ್ತಾನ್ ಹೇಳಿದ. "ಆಂಬುಲೆನ್ಸಿಗೆ ಕರೆ ಹೋಗಿದ್ದು ಇಲ್ಲಿನ ಫೋನಿಂದಾನೇ. ಆದ್ರೆ ಯಾರೂ ಮಾತಾಡಿಲ್ಲ. ಬರೀ ಉಸಿರಾಡೋ ಸದ್ದಂತೆ. ವಿಳಾಸ ಹುಡುಕಿಕೊಂಡು ಬಂದಿದಾರೆ. ಬೀಗ ಒಡೆದಿಲ್ಲ. ಗಲ್ಲಾ ಮುಟ್ಟಿಲ್ಲ."

"ನೀವು ಬಂದಾಗ ಕೆಳಗಿನ ದೀಪ?"

"ಹತ್ತಿರ್ಲಿಲ್ಲ."

ಆಪಾ ಮೆಲ್ಲಗೆ ಕೆಳಗಿಳಿದರು. ಸೇಬಿನ ಪೆಟ್ಟಿಗೆಗಳು, ಉಪ್ಪಿನಕಾಯಿ ಜಾಡಿಗಳು, ಮೂಲೆಯಲ್ಲಿ ಬಟ್ಟೆ ಕಟ್ಟಿದ ಮಣ್ಣಿನ ಮಡಕೆ. ಅದರೊಳಗೆ, ರೊಟ್ಟಿಯ ಹಿಟ್ಟು ಹುದುಗಿಸಲು ಬಳಸುವ, ಎಲ್ವಿರಾ ಅವರ ಹಿಟ್ಟಿನ ಹೆಪ್ಪು. ಅವರ ತಾಯಿ ಯುದ್ಧದ ಕಾಲದಲ್ಲಿ ವೋಲ್ಗಾ ದಂಡೆಯಿಂದ ಗಡೀಪಾರಾಗಿ ರೈಲಿನಲ್ಲಿ ಬಂದಾಗ ಎದೆಗವಚಿ ತಂದದ್ದು. ಅಂದಿನಿಂದ ಒಂದು ದಿನವೂ ಸಾಯಗೊಡದೆ ಹಿಟ್ಟು ನೀರು ಹಾಕಿ ಸಾಕಿದ್ದರು. ಅವರ ರೊಟ್ಟಿಗೆ ಆ ರುಚಿ ಬರುತ್ತಿದ್ದುದು ಅದರಿಂದ. ಆಪಾ ಬಟ್ಟೆ ಸರಿಸಿ ನೋಡಿದರು. ಒಂದು ಬದಿಯಲ್ಲಿ ಒಂದು ಬಟ್ಟಲಷ್ಟು ತೋಡಿದ ಗುಳಿ ಇತ್ತು. ಪಕ್ಕದ ಮರದ ಸೌಟು ಇನ್ನೂ ಹಸಿಯಾಗಿತ್ತು. ಅವರು ಬಟ್ಟೆಯನ್ನು ಮತ್ತೆ ಕಟ್ಟಿದರು.

ಮೇಲೆ ದಾಸ್ತಾನ್ ನನ್ನನ್ನು ಹಿಡಿದುಕೊಂಡ. "ತೊಲೆಗೆನ್, ಬೆಳಿಗ್ಗೆ ಎದುರುಗಡೆ ಕಾಫಿ ಅಂಗಡಿ ಗೆರ್ಮಾನ್ ಪಾಕ್‌ಗೂ ಅಜ್ಜಿಗೂ ಜಗಳ ಆಯ್ತಂತೆ?"

ಆಗಿತ್ತು. ಬಸ್ಸು ಯಾರ ಬಾಗಿಲ ಮುಂದೆ ನಿಲ್ಲಬೇಕೆಂಬ ಹಳೆಯ ಜಗಳ. ಕೇಳಿದ್ದನ್ನು ಹೇಳಿದೆ: "'ನಿನ್ನ ಬಾಗಿಲಿಗೆ ಬೀಗ ಬೀಳೋದನ್ನ ನೋಡೇ ಸಾಯ್ತೀನಿ' ಅಂದ್ರು ಗೆರ್ಮಾನ್ ಅಣ್ಣ."

"ಅವನು ಬಸ್ಸಲ್ಲಿ ಕೊನೇವರೆಗೂ ಇದ್ನಾ?"

ಇರಲಿಲ್ಲ. ಕೆಳಗಿನ ಬೀದಿಯ ಪಾತಿಗುಲ್ ಅವರ ಚಹಾ ಅಂಗಡಿಯಲ್ಲಿ ಕಾಫಿ ಸವಿದು, "ಇದು ಪಾತ್ರೆ ತೊಳೆದ ನೀರು" ಎಂದು ಲೋಟ ಕುಕ್ಕಿ, ಸಿಟ್ಟಿನಿಂದ ಇಳಿದು ಒಬ್ಬನೇ ನಡೆದುಹೋಗಿದ್ದ. ಮತ್ತೆ ಬಸ್ಸು ಹತ್ತಲಿಲ್ಲ. ಉಳಿದವರೆಲ್ಲ ಸುತ್ತು ಮುಗಿಯುವಾಗ ಬಸ್ಸಿನಲ್ಲೇ ಇದ್ದರು. ನನ್ನ ಬಾಯಿಂದ ಇಷ್ಟು ಹೊರಬಿದ್ದ ಮೇಲೆ ದಾಸ್ತಾನ್‌ಗೆ ಬೇರೇನೂ ಬೇಕಿರಲಿಲ್ಲ. ಸಂಜೆಗೆ ಮುಂಚೆ ಪಾಕ್‌ನನ್ನು ಜೀಪಿಗೆ ಹತ್ತಿಸಿದರು. ಹತ್ತುವಾಗ ಅವನು ನನ್ನ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಮನೆಗೆ ನಡೆಯುವಾಗ ನಾನೆಂದೆ, "ಆಪಾ, ನಾನು ಸುಳ್ಳು ಹೇಳಲಿಲ್ಲ. ಆದ್ರೂ ತಪ್ಪು ಮಾಡಿದ ಹಾಗಿದೆ."

"ನನಗೂ ಇದೆ ತಮ್ಮಾ," ಎಂದರು ಅವರು. "ಜೀವಮಾನವೆಲ್ಲ ಕಳ್ಳರನ್ನ ಹಿಡಿದವಳು ಮುಂದಿನ ಸೀಟಲ್ಲಿ ಕಾಲುಚೀಲ ಹೆಣೀತಾ ಕೂತಿದ್ದೆ. ಬೆನ್ನ ಹಿಂದೆ ನಡೀತು."

ಬೆನ್ನ ಹಿಂದೆ ಎಂದರೆ ಕೆಫೆಯಲ್ಲಿ ಎಂದುಕೊಂಡೆ ನಾನು.

ಮರುದಿನ ಬಸ್ಸು ತೊಳೆಯುವಾಗ ಹಿಂದಿನ ಬೆಂಚಿನ ಕೆಳಗೆ ಒಂದು ನೇರಳೆ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಯಾರೋ ಬಟ್ಟೆಯಿಂದ ಒರೆಸಿ ಇನ್ನಷ್ಟು ಹರಡಿದ್ದರು. ಆಪಾ ಮನೆಯಲ್ಲಿ ಚಹಾ ಕುಡಿಯುತ್ತ ಆ ದೂರು ಹೇಳಿದೆ. "ಹಿಪ್ಪುನೇರಳೆ ಹಣ್ಣು ಆಪಾ, ಒಂದು ಸಲ ಅಂಟಿದರೆ ಮುಗೀತು."

ಆಪಾ ಬಟ್ಟಲು ಕೆಳಗಿಟ್ಟರು. "ನಿನ್ನೆ ಎಲ್ಲರೂ ಹತ್ತೋ ಮುಂಚೆ ಬಸ್ಸು ತೊಳೆದಿದ್ರಾ?"

"ಹೂಂ. ಹಬ್ಬದ ಸುತ್ತಲ್ವಾ, ಡ್ರೈವರು ಕನ್ನಡಿ ಹಾಗೆ ಮಾಡಿದ್ದ."

"ನಮ್ಮ ದಾರೀಲಿ ಓಕ್ ಇದೆ, ಲಿಂಡನ್ ಇದೆ. ಹಿಪ್ಪುನೇರಳೆ ಎಲ್ಲಿದೆ ಹೇಳು?"

ನಾನು ಮನಸ್ಸಿನಲ್ಲೇ ಇಡೀ ಸುತ್ತು ಹೊಡೆದೆ. ಬೀದಿಯಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಒಂದೇ ಮರ, ಎಲ್ವಿರಾ ಅವರ ಹಿತ್ತಲ ಅಂಗಳದಲ್ಲಿ.

ಆ ಮಧ್ಯಾಹ್ನ ಆಪಾ ನನ್ನನ್ನು ಕೆಳಗಿನ ಬೀದಿಯ ಕಮಾನಿನೊಳಗೆ ಕರೆದೊಯ್ದರು. ಕಮಾನು ದಾಟಿದರೆ ಅಂಗಳ. ನೆಲವೆಲ್ಲ ಕಪ್ಪು ಹಣ್ಣು, ಕಾಲಿಟ್ಟರೆ ಪಚಕ್. ಅಲ್ಲಿಂದ ಎಲ್ವಿರಾ ಅವರ ಹಿಂಬಾಗಿಲು ಕೂಗಳತೆ. ಬಾಗಿಲ ಪಕ್ಕದ ಗ್ಯಾಸ್ ಪೆಟ್ಟಿಗೆಯ ಹಿಂದೆ ಆಪಾ ಕೈ ಹಾಕಿದರು. ಮೊಳೆಗೆ ಬೀಗದ ಕೈ ನೇತಾಡುತ್ತಿತ್ತು. ಅಂಗಳದ ಆಚೆ ಬದಿಯ ಸಂದು ಮೇಲಿನ ಬೀದಿಯ ಔಷಧಿ ಅಂಗಡಿಯ ಮೂಲೆಗೆ ಬಿಡುತ್ತದೆ. ಆ ಮೂಲೆಯ ಸಿಗ್ನಲ್ಲಿನಲ್ಲಿ ನಮ್ಮ ಬಸ್ಸು ಪ್ರತಿ ಸಲವೂ ನಿಲ್ಲುತ್ತದೆ. ಬಸ್ಸು ಕಮಾನು ದಾಟಿ, ಉದ್ಯಾನ ಸುತ್ತಿ, ಏರು ಹತ್ತಿ ಆ ಮೂಲೆಗೆ ಬರುವಷ್ಟರಲ್ಲಿ ಒಬ್ಬರು ಇಲ್ಲಿ ಒಳಗೆ ಹೋಗಿ, ಕೆಲಸ ಮುಗಿಸಿ, ಆರಾಮಾಗಿ ಬಂದು ಕಾಯಬಹುದಿತ್ತು.

"ಹಾಗಾದ್ರೆ ಗೆರ್ಮಾನ್ ಅಣ್ಣ..." ಎಂದೆ.

"ನಡಿ, ಮೊದಲು ಆಸ್ಪತ್ರೆಗೆ," ಎಂದರು ಆಪಾ. ಅವರ ಮುಖದಲ್ಲಿ ಗೆಲುವಿನ ಸುಳಿವೇ ಇರಲಿಲ್ಲ.

ಎಲ್ವಿರಾ ಅವರಿಗೆ ಪ್ರಜ್ಞೆ ಬಂದಿತ್ತು. ಸೊಂಟದ ಮೂಳೆ ಮುರಿದಿತ್ತು, ತಲೆಗೆ ಹೊಲಿಗೆ ಬಿದ್ದಿತ್ತು. ಏನೂ ನೆನಪಿಲ್ಲ ಎಂದು ದಾಸ್ತಾನ್‌ಗೆ ಹೇಳಿಕೆ ಕೊಟ್ಟಿದ್ದರು. ಹೊರಗಿನ ಪಡಸಾಲೆಯಲ್ಲಿ ಮರ್ಜಾನ್ ಕೂತಿದ್ದಳು. ವರ್ಷಗಟ್ಟಲೆ ಎಲ್ವಿರಾ ಅವರ ಒಲೆಯ ಮುಂದೆ ಬೆಳೆದ ಹುಡುಗಿ. ಈ ವಸಂತದಲ್ಲಿ ದೊಡ್ಡ ಹೋಟೆಲಿನ ಕೆಫೆಗೆ ಮುಖ್ಯ ರೊಟ್ಟಿಗಾರ್ತಿಯಾಗಿ ಹೋಗಿದ್ದಳು. ಆದರೂ ಎಲ್ವಿರಾ ಬಿದ್ದ ರಾತ್ರಿಯಿಂದ ಅಲ್ಲೇ ಕಾದಿದ್ದಳು. ದಾದಿಯರು ಅವಳನ್ನು ಮಗಳೆಂದೇ ತಿಳಿದಿದ್ದರು.

ಆಪಾ ಮಂಚದ ಪಕ್ಕ ಕೂತು ಎಲ್ವಿರಾ ಅವರ ಕೈ ಹಿಡಿದರು. "ಎಲ್ಯಾ, ಏನಾದ್ರೂ ಕೇಳಬೇಕಾ ನನ್ನ?"

ಎಲ್ವಿರಾ ಪಡಸಾಲೆಯ ಕಡೆ ನೋಡಿದರು. "ಮರ್ಜಾನ್ ಊಟ ಮಾಡಿದಳಾ?" ಎಂದರು.

"ಗೆರ್ಮಾನನ್ನ ಹಿಡಿದಿದಾರೆ, ಗೊತ್ತಾ?"

ಮುದುಕಿ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನೋವಿಗೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಆಪಾ ಎಲ್ಲರನ್ನೂ ಬಸ್ಸಿಗೇ ಕರೆಸಿದರು. ಸಾಗಿಂತಾಯ್ ತಾತ, ಪಾತಿಗುಲ್, ಮರ್ಜಾನ್, ಉಳಿದ ಅಂಗಡಿಯವರು. ದಾಸ್ತಾನ್ ಪಾಕ್‌ನನ್ನು ಬೇಡಿಯಿಲ್ಲದೆ ಕರೆತಂದು ಕೂರಿಸಿದ. ಗಡ್ಡ ಬೆಳೆದು, ಅಂಗಿ ಮುದುರಿ, ಅವನು ಯಾರನ್ನೂ ನೋಡಲಿಲ್ಲ. ಬಸ್ಸು ಹೊರಟಿತು. ನನ್ನ ಕೈಯ ಮೈಕನ್ನು ಆಪಾ ತೆಗೆದುಕೊಳ್ಳಲಿಲ್ಲ. ತಿರುಗಿ ಕೂತು, ಮನೆಯಲ್ಲಿ ಮಾತಾಡುವ ದನಿಯಲ್ಲೇ ಶುರು ಮಾಡಿದರು.

"ಮೊದಲು ಒಂದು ಮಾತು. ಎಲ್ಯಾಳನ್ನ ಯಾರೂ ತಳ್ಳಿಲ್ಲ."

ದಾಸ್ತಾನ್ ಬಾಯಿ ತೆರೆದ. ಆಪಾ ಕೈ ಎತ್ತಿದರು.

"ಅವಳಾಗೇ ಕೆಳಗೆ ಇಳಿದಿದ್ರೆ ದೀಪ ಹಾಕ್ತಿದ್ಳು. ಗುಂಡಿ ಇರೋದು ಮೇಲೆ. ದೀಪ ಹತ್ತಿರ್ಲಿಲ್ಲ, ಹಲಗೆ ತೆರೆದಿತ್ತು. ಅಂದ್ರೆ ಬೇರೆ ಯಾರೋ ಕೆಳಗಿದ್ರು. ನೆಲಮಾಳಿಗೆ ಕಿಂಡಿಯ ಬೆಳಕು ಬೀದಿಗೆ ಕಾಣುತ್ತೆ ಅಂತ ಕತ್ತಲಲ್ಲೇ ಇದ್ರು. ಕಣ್ಣಿನ ಡಾಕ್ಟರು ಅವತ್ತು ರಜೆ, ನಾನು ವಿಚಾರಿಸಿದೆ. ಎಲ್ಯಾ ಬೇಗ ವಾಪಸ್ ಬಂದ್ಳು. ಪೊರೆ ಬಂದ ಕಣ್ಣು, ತನ್ನದೇ ಅಡುಗೆಮನೆ, ಕಣ್ಣು ಮುಚ್ಚಿ ನಡೆಯೋ ಜಾಗ. ಒಲೆ ಕಡೆ ಹೆಜ್ಜೆ ಇಟ್ಟಳು. ನೆಲ ಇರ್ಲಿಲ್ಲ."

ಯಾರೋ "ಅಯ್ಯೋ ದೇವರೇ" ಎಂದರು.

"ಕೆಳಗಿದ್ದವರು ಕಳ್ಳರಾಗಿದ್ರೆ ಓಡಿಹೋಗ್ತಿದ್ರು. ಇವರು ಏಪ್ರನ್ ಮಡಿಸಿ ತಲೆಗೆ ಕೊಟ್ರು. ಮೇಲೆ ಹತ್ತಿ ಶಾಲು ತಂದು ಹೊದಿಸಿದ್ರು. ಆಂಬುಲೆನ್ಸಿಗೆ ಫೋನ್ ಮಾಡಿದ್ರು. ಪ್ರೀತಿ ಇತ್ತು. ಆದ್ರೆ ಹೆಸರು ಹೇಳೋ ಧೈರ್ಯ ಇರ್ಲಿಲ್ಲ."

ಬಸ್ಸು ಕೆಳಗಿನ ಬೀದಿಗೆ ತಿರುಗಿತು. ಕಮಾನಿನ ಮುಂದೆ ತೆವಳುವಾಗ ಆಪಾ ಬೊಟ್ಟು ಮಾಡಿದರು. "ಇಲ್ಲಿ ಹಿಂದಿನ ಕಟ್ಟೆಯಿಂದ ಇಳಿದ್ರು. ಅಂಗಳದ ಹಣ್ಣು ತುಳಿದು ಹೋಗಿ, ಮೇಲಿನ ಮೂಲೇಲಿ ಮತ್ತೆ ಹತ್ತಿದ್ರು. ತುಳಿದ ಹಣ್ಣಿನ ಕಲೆ ಹಿಂದಿನ ಬೆಂಚಿನ ಕೆಳಗೆ ಇನ್ನೂ ಇದೆ. ಬಸ್ಸು ಬೆಳಿಗ್ಗೆ ತೊಳೆದಿದ್ರು, ಹಾಗಾಗಿ ಅದು ಅವತ್ತಿನದೇ. ದಾಸ್ತಾನ್, ನೀನು ಹಿಡಿದ ಮನುಷ್ಯ ಪಾತಿಗುಲ್ ಅಂಗಡಿ ಮುಂದೆ ಇಳಿದವನು ಮತ್ತೆ ಬಸ್ಸು ಹತ್ತಲೇ ಇಲ್ಲ. ಕಲೆ ತಂದವರು ಹತ್ತಿದ್ರು."

ದಾಸ್ತಾನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸಾಗಿಂತಾಯ್ ತಾತ ಇಡೀ ದಾರಿ ಬಾರಿಸ್ತಾ ಇದ್ರು, ಎದ್ದಿದ್ರೆ ಹಾಡು ನಿಲ್ತಿತ್ತು. ಒಳಗೆ ಕೂತವರೆಲ್ಲ ತೊಲೆಗೆನ್ ಕಣ್ಣೆದುರು. ಗಾಳಿ ಬೇಕು ಅಂತ ಹಿಂದೆ ಹೋದವರು ಒಬ್ಬರು. ನಡುವೆ ಪಾತಿಗುಲ್ ಫೋನಲ್ಲಿ ಮಾತಾಡಕ್ಕೆ ಹೋಗಿ ಬಂದ್ರು. ಪಾತಿಗುಲ್, ಬೆಂಚ್ ಮೇಲೆ ಯಾರಿದ್ರು?"

ಪಾತಿಗುಲ್ ಸೆರಗಿನಂತೆ ಇಳಿಬಿಟ್ಟ ತಲೆವಸ್ತ್ರದ ತುದಿಯನ್ನು ಹಿಂಡಿದರು. "ಯಾರೂ ಇರ್ಲಿಲ್ಲ ಆಪಾ. ಹುಡುಗಿ ಯಾರನ್ನೋ ನೋಡಕ್ಕೆ ಇಳಿದಿರ್ಬೇಕು, ವಯಸ್ಸು ಅಂದ್ಕೊಂಡೆ. ಆಮೇಲೆ... ಆಮೇಲೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಗೆರ್ಮಾನ್ ನನ್ನ ಕಾಫೀನ ಬೈದಿದ್ದ, ಒಂದೆರಡು ದಿನ ಒಳಗಿರ್ಲಿ ಅಂತಾನೂ ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ."

"ಇನ್ನೊಂದು," ಆಪಾ ದನಿ ತಗ್ಗಿತು. "ಬೀಗದ ಕೈ ಎಲ್ಲಿರುತ್ತೆ ಅಂತ ಗೊತ್ತಿದ್ದವರು ಮನೆಯವರಂಥವರು. ಕಳುವಾಗಿದ್ದು ಒಂದು ಬಟ್ಟಲು ಹಿಟ್ಟಿನ ಹೆಪ್ಪು. ಅದು ಗೆರ್ಮಾನ್‌ಗೆ ಬೇಡ, ಪಾತಿಗುಲ್‌ಗೆ ಬೇಡ. ರೊಟ್ಟಿ ಸುಡೋವರಿಗೆ ಬೇಕು. ಆಂಬುಲೆನ್ಸ್ ಕಂಡಾಗ ಒಬ್ಬಳು ಬರಿಗಾಲಲ್ಲಿ ಓಡಿದ್ಳು. ದುಃಖದಲ್ಲಿ ಚಪ್ಪಲಿ ಬಿಟ್ಟು ಓಡಿದ್ಳು ಅಂದ್ಕೊಂಡ್ವಿ. ಹಾಗಾಗಿದ್ರೆ ಬೆಂಚಿನ ಹತ್ರ ಚಪ್ಪಲಿ ಬಿದ್ದಿರಬೇಕಿತ್ತು. ಬಿದ್ದಿರ್ಲಿಲ್ಲ. ಹಣ್ಣಿನ ಕಲೆ ಯಾರಿಗೂ ಕಾಣಬಾರ್ದು ಅಂತ ಓಡೋಕೆ ಮುಂಚೇನೇ ಬಿಚ್ಚಿ ಚೀಲದಲ್ಲಿಟ್ಟಿದ್ಳು. ಮರ್ಜಾನ್, ನಾನು ತಪ್ಪು ಹೇಳ್ತಿದ್ರೆ ಹೇಳು ಮಗಳೇ. ತಪ್ಪಾಗಿದ್ರೆ ನನಗೇ ಸಂತೋಷ."

ಮರ್ಜಾನ್ ಎದ್ದು ನಿಂತಳು. ಸೀಟಿನ ಕಂಬಿ ಹಿಡಿದುಕೊಂಡಳು.

"ತಪ್ಪಿಲ್ಲ ಆಪಾ. ಹೋಟೆಲ್ಲಲ್ಲಿ ನನ್ನ ರೊಟ್ಟಿಗೆ ಆ ರುಚಿ ಬರ್ಲೇ ಇಲ್ಲ. ದಿನಾ ಎಸೀತಿದ್ದೆ. ಕೇಳೋಣ ಅಂದ್ರೆ, ಬಿಟ್ಟು ಬರುವಾಗ 'ನಿಮ್ಮ ಹಳೇ ಹೆಪ್ಪಿಲ್ದೆನೂ ನಾನು ಬದುಕ್ತೀನಿ' ಅಂತ ಬಾಯಿ ಜೋರು ಮಾಡಿದ್ದೆ. ಯಾವ ಮುಖ ಹೊತ್ತು ಕೇಳ್ಲಿ? ಅವರು ಇರಲ್ಲ ಅಂತ ಗೊತ್ತಿತ್ತು. ಕೆಳಗೆ ಸೌಟು ಹಿಡಿದು ನಿಂತಿದ್ದೆ. ಮೇಲೆ ಹೆಜ್ಜೆ ಸದ್ದು. ಕೂಗಬೇಕಿತ್ತು. 'ನಿಲ್ಲಿ' ಅಂತ ಒಂದು ಮಾತು. ಸಿಕ್ಕಿಬೀಳ್ತೀನಿ ಅಂತ ಉಸಿರು ಬಿಗಿಹಿಡಿದೆ. ಅವರು ನನ್ನ ಕಾಲಬುಡಕ್ಕೇ ಬಂದು ಬಿದ್ರು."

ಬಸ್ಸು ನಿಂತಿತ್ತೋ ನಡೆಯುತ್ತಿತ್ತೋ ನನಗೆ ತಿಳಿಯಲಿಲ್ಲ.

"ಫೋನಲ್ಲಿ ಮಾತಾಡಕ್ಕೆ ನೋಡಿದೆ. ಬರೀ ಉಸಿರು ಬಂತು. ಅಷ್ಟರಲ್ಲಿ ದೂರದಲ್ಲಿ ತಾತನ ಅಕಾರ್ಡಿಯನ್ ಕೇಳಿಸ್ತು. ಓಡಿದೆ. ಬೆಂಚಲ್ಲಿ ಕೂತು ಚಪ್ಪಲಿ ಬಿಚ್ಚಿದೆ." ಅವಳು ಪಾಕ್ ಕಡೆ ತಿರುಗಿದಳು. "ಗೆರ್ಮಾನ್ ಅಣ್ಣ, ನಿಮ್ಮನ್ನ ಹಿಡಿದ ದಿನ ಹೇಳ್ಬೇಕು ಅಂತ ಠಾಣೆ ಬಾಗಿಲವರೆಗೂ ಬಂದಿದ್ದೆ. ವಾಪಸ್ ಹೋದೆ. ಆ ಹೆಪ್ಪು ಮನೇಲಿದೆ. ಚೆಲ್ಲಕ್ಕೂ ಆಗಿಲ್ಲ, ರೊಟ್ಟಿ ಮಾಡಕ್ಕೂ ಆಗಿಲ್ಲ."

ಪಾಕ್ ಆಗಲೂ ತಲೆ ಎತ್ತಲಿಲ್ಲ. "ಠಾಣೆ ಬಾಗಿಲು ಅಷ್ಟೇನೂ ಭಾರ ಇರ್ಲಿಲ್ಲ ತಾಯಿ," ಎಂದ. ಅಷ್ಟೇ.

ದಾಸ್ತಾನ್ ಎದ್ದಾಗ ಆಪಾ ಅವನ ತೋಳು ಹಿಡಿದರು. "ಕರ್ಕೊಂಡು ಹೋಗು. ಆದ್ರೆ ಆಸ್ಪತ್ರೆ ಹಾದು ಹೋಗು. ಇನ್ನೊಬ್ಬರ ಹೇಳಿಕೆ ಬಾಕಿ ಇದೆ."

ಆಸ್ಪತ್ರೆಯ ಕೋಣೆಯಲ್ಲಿ ನಾವೆಲ್ಲ ಒತ್ತಿಕೊಂಡು ನಿಂತೆವು. ಆಪಾ ಹೇಳಿದರು, "ಎಲ್ಯಾ, ಮೂಳೆ ಮುರಿದು ಎಚ್ಚರಾದವರು ಯಾರೇ ಆಗ್ಲಿ ಮೊದಲು ಕೇಳೋದು 'ನನಗೇನಾಯ್ತು' ಅಂತ. ನೀನು ಮರ್ಜಾನ್ ಊಟ ಮಾಡಿದಳಾ ಅಂದೆ. ನಿನಗೆ ಎಲ್ಲ ನೆನಪಿದೆ."

ಎಲ್ವಿರಾ ಮರ್ಜಾನಳ ಮುಖ ನೋಡಿದರು. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ತಿಳಿದಿರಬೇಕು.

"ಶಾಲು ಹೊದಿಸಿದ ಕೈ ನನಗೆ ಗೊತ್ತಾಗಲ್ವಾ?" ಎಂದರು. "ಬೀಗದ ಕೈನ ಅಲ್ಲೇ ಯಾಕೆ ಬಿಟ್ಟಿದ್ದೆ ಅಂದ್ಕೊಂಡಿದೀಯ? ಬರ್ತೀಯ ಅಂತ. ಕೇಳಿದ್ರೆ ಮಡಕೇನೇ ಕೊಡ್ತಿದ್ದೆ. ಕೇಳಲಿ ಅಂತ ನಾನೂ ಹಟ ಹಿಡಿದೆ." ಆಮೇಲೆ ಬಾಗಿಲ ಬಳಿ ನಿಂತಿದ್ದ ಪಾಕ್‌ನನ್ನು ಕಂಡರು. "ಗೆರ್ಮಾನ್, ನಿನ್ನನ್ನ ಹಿಡಿದಿದಾರೆ ಅಂತ ಗೊತ್ತಿತ್ತು. ನೆನಪಿಲ್ಲ ಅಂತ ಬೇಕಂತಲೇ ಹೇಳಿದೆ. ನೀನು ಗಟ್ಟಿಗ, ತಡ್ಕೋತೀಯ. ಇವಳು ತಡ್ಕೊಳಲ್ಲ ಅಂತ ಲೆಕ್ಕ ಹಾಕಿದೆ. ಕ್ಷಮಿಸು."

ಪಾಕ್ ಒಂದು ಹೆಜ್ಜೆ ಒಳಗೆ ಬಂದ. "ಮೂವತ್ತು ವರ್ಷ ಎದುರುಬದುರು ಜಗಳ ಆಡಿದೀವಿ ಎಲ್ವಿರಾ. ಜಗಳ ಆಡೋನು ಕೊಲೆಗಾರ ಆಗಲ್ಲ ಅಂತ ನಿನಗೊಬ್ಬಳಿಗಾದ್ರೂ ಗೊತ್ತಿತ್ತಲ್ಲ. ಗೊತ್ತಿದ್ದೂ ನನ್ನ ಒಳಗೇ ಬಿಟ್ಟೆ. ಈಗ ಆಗಲ್ಲ. ಕ್ಷಮೆ ಗಿಮೆ ಈಗ ಆಗಲ್ಲ ನನ್ನ ಕೈಲಿ." ನನ್ನನ್ನು ದಾಟಿ ಹೊರಗೆ ಹೋದ. ನಾನೂ ಕ್ಷಮೆ ಕೇಳಬೇಕೆಂದು ಹಿಂದೆಯೇ ಓಡಿದೆ. "ನೀನು ಕೇಳಿದ್ದನ್ನ ಹೇಳ್ದೆ ತೊಲೆಗೆನ್, ಹೋಗು," ಎಂದ.

ಕೋರ್ಟು ಮರ್ಜಾನಳನ್ನು ಜೈಲಿಗೆ ಕಳಿಸಲಿಲ್ಲ; ಎಲ್ವಿರಾ ಗಾಲಿಕುರ್ಚಿಯಲ್ಲಿ ಬಂದು ಅವಳ ಪರವಾಗಿ ಮಾತಾಡಿದರು. ಊರು ಬಿಟ್ಟು ಹೋಗಕೂಡದು ಎಂಬ ಕಟ್ಟಳೆಯನ್ನು ಮಾತ್ರ ಕೋರ್ಟು ಹಾಕಿತು. ಅವಳು ಹೋಟೆಲು ಬಿಟ್ಟು ಹಳೆಯ ಒಲೆಗೆ ಮರಳಿದಳು. ಎಲ್ವಿರಾ ಮತ್ತೆ ಊರುಗೋಲಿಲ್ಲದೆ ನಡೆಯಲಿಲ್ಲ. ನೆಲಮಾಳಿಗೆಯ ಹಲಗೆಯ ಮೇಲೆ ಕಾಲಿಡುವಾಗೆಲ್ಲ ಮರ್ಜಾನ್ ಒಂದು ಗಳಿಗೆ ನಿಲ್ಲುತ್ತಾಳೆ, ನಾನು ನೋಡಿದ್ದೇನೆ.

ಶರತ್ಕಾಲದ ಸೇಬು ಬಂದ ಮೇಲೆ ಅವಳು ಪ್ರತಿ ಬೆಳಿಗ್ಗೆ ಸೇಬಿನ ಕೇಕಿನ ತುಂಡೊಂದನ್ನು ತಟ್ಟೆಯಲ್ಲಿಟ್ಟು ಬೀದಿ ದಾಟಿ ಪಾಕ್‌ನ ಬಾಗಿಲ ಮೇಜಿನ ಮೇಲಿಟ್ಟು ಬರತೊಡಗಿದಳು. ಅದು ಮಧ್ಯಾಹ್ನ ಮುಟ್ಟದೇ ವಾಪಸಾಗುತ್ತಿತ್ತು. ಮರುದಿನ ಮತ್ತೆ ಇಡುತ್ತಿದ್ದಳು. ಬಸ್ಸಿನಿಂದ ಇದನ್ನು ನೋಡುತ್ತಿದ್ದ ಕುಲ್ಯಾಶ್ ಆಪಾ ಹೆಣಿಗೆಯ ಮೇಲೆ ಕಣ್ಣು ಇಳಿಸುತ್ತಿದ್ದರು.

ಮೊದಲ ಹಿಮ ಬಿದ್ದ ವಾರ, ಬಸ್ಸು ಅವರ ಬೀದಿಯಲ್ಲಿ ತೆವಳುತ್ತಿದ್ದಾಗ ಪಾಕ್ ಬಾಗಿಲಿಗೆ ಬಂದು ಕೈ ಅಡ್ಡ ಹಿಡಿದ. ಅವನ ಕೈಯಲ್ಲಿ ಖಾಲಿ ತಟ್ಟೆ ಇತ್ತು. ಅದನ್ನು ನನ್ನ ಕಿಟಕಿಯೊಳಗೆ ತೂರಿಸಿದ.

"ಎದುರುಗಡೆ ಕೊಡು," ಎಂದ. "ಸಕ್ಕರೆ ಜಾಸ್ತಿಯಾಯ್ತು ಅಂತ ಹೇಳು ಅವಳಿಗೆ."